ಬರ್ಫಕ್ಕಿಂತ ಮೊದಲು ಕೈ ಬೇಕು

ನಿಂತ ಹೃದಯ ಮತ್ತೆ ಬಡಿಯತೊಡಗಿದರೂ ಕೆಲವು ಪೇಶಂಟುಗಳು ಕಣ್ಣು ತೆರೆಯದೆ ಕೋಮಾದಲ್ಲೇ ಉಳಿಯುತ್ತಾರೆ. ಆಗ ಐಸಿಯು ಬಾಗಿಲಲ್ಲಿ ಕುಳಿತ ಮನೆಮಂದಿಗೆ ಯಾರೋ ಹೇಳುತ್ತಾರೆ: 'ದೊಡ್ಡ ದವಾಖಾನೆಯಲ್ಲಿ ಮೈ ತಂಪು ಮಾಡುವ ಮಶೀನು ಐತಂತ, ಅಲ್ಲಿಗೆ ಒಯ್ಯಿರಿ.' ಸಾಲ ಮಾಡಿ ಓಡುವ ಮೊದಲು ನಿಜ ಸಂಗತಿ ತಿಳಿಯಬೇಕು.

ಮೈ ತಂಪಾದರೆ ಮೆದುಳಿಗೆ ಆಮ್ಲಜನಕ ಕಡಿಮೆ ಸಾಕು, ಪೆಟ್ಟೂ ಕಡಿಮೆ ಎಂಬುದು ಈ ಚಿಕಿತ್ಸೆಯ ಹಿಂದಿನ ವಿಚಾರ. 2002ರಲ್ಲಿ ಯುರೋಪಿನ ಅಧ್ಯಯನವೊಂದು ಇದಕ್ಕೆ ಬಲ ಕೊಟ್ಟಿತು. 24 ತಾಸು 32ರಿಂದ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟವರಲ್ಲಿ ನೂರಕ್ಕೆ 55 ಮಂದಿ ಚೆನ್ನಾಗಿ ಚೇತರಿಸಿಕೊಂಡರು; ತಂಪು ಮಾಡದವರಲ್ಲಿ 39 ಮಂದಿ. ಆಸ್ಟ್ರೇಲಿಯಾದಿಂದಲೂ ಅದೇ ವರ್ಷ ಇಂಥದ್ದೇ ಫಲಿತಾಂಶ ಬಂತು. ಜಗತ್ತಿನ ಅನೇಕ ಐಸಿಯುಗಳು ಅದೇ ದಾರಿ ಹಿಡಿದವು.

ಆದರೆ ಮುಂದಿನ ಲೆಕ್ಕ ಬೇರೆಯಾಯಿತು. 2013ರ ದೊಡ್ಡ ಅಧ್ಯಯನದಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ಫರಕು ಕಾಣಲಿಲ್ಲ. 2021ರಲ್ಲಿ ಸುಮಾರು 1,900 ಪೇಶಂಟುಗಳ ಅಧ್ಯಯನ ಬಂತು. ಆರು ತಿಂಗಳಲ್ಲಿ, 33 ಡಿಗ್ರಿಗೆ ತಂಪು ಮಾಡಿದವರಲ್ಲಿ ನೂರಕ್ಕೆ 50, ಜ್ವರ ಏರದಂತೆ ಮಾತ್ರ ನೋಡಿಕೊಂಡವರಲ್ಲಿ 48 ಮಂದಿ ತೀರಿಕೊಂಡಿದ್ದರು. ತಂಪು ಮಾಡಿದವರಲ್ಲಿ ಹೃದಯದ ಬಡಿತ ಏರುಪೇರಾದದ್ದೇ ಹೆಚ್ಚು. ಹೀಗಾಗಿ ಮೈತಾಪ 37.5 ಡಿಗ್ರಿ ದಾಟದಂತೆ ಕಾಯುವುದೇ ಈಗ ಮುಖ್ಯವಾಗಿದೆ.

ಆದ್ದರಿಂದ ಹತ್ತಿರದ ಡಾಕ್ಟರು 'ತಂಪು ಮಾಡುವುದಿಲ್ಲ' ಎಂದ ಮಾತ್ರಕ್ಕೆ ಹಲಗರ್ಜಿ ಎನ್ನಬಾರದು. ಜ್ವರ ಏರದಂತೆ ಏನು ಮಾಡುತ್ತಿದ್ದೀರಿ ಎಂದು ಕೇಳಬೇಕು. ಇನ್ನು ಎಚ್ಚರವಾಗುವುದಿಲ್ಲ ಎಂಬ ತೀರ್ಮಾನಕ್ಕೂ ಅವಸರ ಸಲ್ಲದು. ಕನಿಷ್ಠ 72 ತಾಸು ಕಾಯಬೇಕೆಂಬುದು ವೈದ್ಯಕೀಯ ನಿಯಮ. ಇಂಥ ಮಾತು ಮರಾಠಿಯಲ್ಲಿ ಅರ್ಧ ತಿಳಿದು ಅರ್ಧ ಬಿಟ್ಟುಹೋಗಬಾರದು. ಸೊಲ್ಲಾಪುರ, ಸಾಂಗಲಿಯ ದವಾಖಾನೆಗಳಲ್ಲಿ ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಇರಲೇಬೇಕು.

ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ ಮನೆ ಅಂಗಳದಲ್ಲೇ ಇದೆ. ರಕ್ತ ಹರಿಯದಿದ್ದರೆ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಗಾಡಿ ಅಷ್ಟರಲ್ಲಿ ಬರುವುದಿಲ್ಲ. ಬಿದ್ದವರು ಮಾತಾಡಿಸಿದರೂ ಏಳದಿದ್ದರೆ, ಉಸಿರು ಸರಿಯಾಗಿ ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಹಚ್ಚಬೇಕು. ಇನ್ನೊಬ್ಬರು ಎದೆಯ ನಟ್ಟನಡುವೆ ಎರಡೂ ಕೈ ಊರಿ, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚಿನಷ್ಟು ಆಳಕ್ಕೆ ಒತ್ತುತ್ತಲೇ ಇರಬೇಕು. ಇದನ್ನು ಶಾಲೆಯ ಹುಡುಗರೂ ಕಲಿಯಬಹುದು. ಜಿಲ್ಲಾ ಪರಿಷತ್ತಿನವರು ಕನ್ನಡ ಶಾಲೆಗಳಲ್ಲೂ ಈ ತರಬೇತಿ ಕೊಡಿಸಲಿ.