ಹರಕೆ ಹೊತ್ತು ಹೊರಡುವ ಮುನ್ನ

ಆಗಸ್ಟ್ ತಿಂಗಳ ಕೊನೆಯ ವಾರ ಸಮೀಪಿಸಿತೆಂದರೆ ನಮ್ಮ ಕಥೋಲಿಕ ಮನೆಗಳಲ್ಲಿ ವೇಳಾಂಗಣ್ಣಿಯ ಮಾತು ತಾನಾಗಿಯೇ ಏಳುತ್ತದೆ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತವರು ಯಾವ ದಿನ ಹೊರಡುವುದು, ವ್ಯಾನಿಗೆ ತಲೆಗೆಷ್ಟು ಬೀಳುತ್ತದೆ, ಯಾವ ಮಗುವಿನ ಮುಡಿ ಕೊಡುವುದು ಬಾಕಿಯಿದೆ ಎಂದು ಲೆಕ್ಕ ಹಾಕತೊಡಗುತ್ತಾರೆ. ಕಾವಿ ಬಟ್ಟೆಯುಟ್ಟು, ಕೈಯಲ್ಲಿ ಜಪಸರ ಹಿಡಿದು ಕಾಲ್ನಡಿಗೆಯಲ್ಲಿಯೇ ಸಾಗುವವರೂ ಉಂಟು. ಆಗಸ್ಟ್ 29ರಂದು ಅಲ್ಲಿ ಧ್ವಜಾರೋಹಣವಾಗಿ, ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನ, ಉತ್ಸವ ಸಮಾಪ್ತಿಗೊಳ್ಳುತ್ತದೆ. ಅದೇ ದಿನ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಸುತ್ತಲಿನ ಬೀದಿಗಳು ಭಕ್ತರಿಂದ ತುಂಬಿಹೋಗುತ್ತವೆ. ಅದೇ ದಿನ ನಮ್ಮ ಕರಾವಳಿಯಲ್ಲಿ ಮಕ್ಕಳು ಬಾಲಮಾತೆಗೆ ಹೂ ಅರ್ಪಿಸಿ, ಮನೆಮಂದಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕೂಡಿ ಉಣ್ಣುವ ಮೊಂತಿ ಹಬ್ಬ. ಹೀಗೆ ಒಂದೇ ದಿನ ತಾಯಿಯೊಬ್ಬಳ ಹೆಸರಿನಲ್ಲಿ ನಾಡಿನ ಉದ್ದಗಲಕ್ಕೂ ಹಬ್ಬ ನಡೆಯುತ್ತದೆ.

ಈ ಸಂಭ್ರಮದ ನಡುವೆ, ಹೊರಡುವ ಮುನ್ನ, ಕುಟುಂಬದವರೆಲ್ಲ ಕುಳಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು. ನಾವು ಅಲ್ಲಿಗೆ ಹೋಗುವುದೇತಕ್ಕೆ? ಅಲ್ಲಿಂದ ಮನೆಗೆ ತರುವುದೇನನ್ನು?

ವೇಳಾಂಗಣ್ಣಿಯು ತಮಿಳುನಾಡಿನ ನಾಗಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಬಂಗಾಳ ಕೊಲ್ಲಿಯ ಅಂಚಿನಲ್ಲಿರುವ ಸಣ್ಣ ಪಟ್ಟಣ. ಆರೋಗ್ಯ ಮಾತೆಯ ಆ ದೇವಾಲಯವನ್ನು ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1962ರಲ್ಲಿ ಬೆಸಿಲಿಕದ ಪದವಿಗೇರಿಸಿದರು. ಆದರೆ ಭಕ್ತರ ಮನಸ್ಸಿನಲ್ಲಿ ಆ ಕ್ಷೇತ್ರ ಅದಕ್ಕೂ ಬಹು ಹಿಂದೆಯೇ ನೆಲೆಯೂರಿತ್ತು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಮೂರು ವೃತ್ತಾಂತಗಳು ಅದರ ಬುನಾದಿ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಅವನ್ನು ಕೇಳದವರು ವಿರಳ.

ಮೊದಲನೆಯದು, ಹದಿನಾರನೆಯ ಶತಮಾನದ್ದೆಂದು ಹೇಳಲಾಗುವ ಹಾಲು ಹೊರುವ ಹುಡುಗನ ವೃತ್ತಾಂತ. ನಾಗಪಟ್ಟಣದ ಧಣಿಯ ಮನೆಗೆ ಹಾಲು ಕೊಂಡೊಯ್ಯುತ್ತಿದ್ದ ಆ ಬಾಲಕ ಬಿಸಿಲಿಗೆ ಬಳಲಿ ಕೊಳದ ಬಳಿ ಆಲದ ನೆರಳಲ್ಲಿ ಮಲಗಿದ್ದಾಗ, ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಕಾಣಿಸಿಕೊಂಡು ಮಗುವಿಗೆ ಹಾಲು ಕೇಳಿದಳು. ಹುಡುಗ ಕೊಟ್ಟ. ಧಣಿಯ ಮನೆಯಲ್ಲಿ ಹೆದರುತ್ತ ತಪ್ಪೊಪ್ಪಿಕೊಂಡಾಗ ಪಾತ್ರೆಯಲ್ಲಿ ಹಾಲು ತುಂಬಿ ತುಳುಕಿತು. ಎರಡನೆಯದು, ನಡುತಿಟ್ಟು ಎಂಬಲ್ಲಿ ಮಜ್ಜಿಗೆ ಮಾರುತ್ತಿದ್ದ ಬಡ ವಿಧವೆಯ ಕುಂಟ ಮಗನದು. ಅವನಿಂದಲೂ ಆ ತಾಯಿ ಮಗುವಿಗಾಗಿ ಮಜ್ಜಿಗೆ ಬೇಡಿದಳು. ಅವನೂ ಕೊಟ್ಟ. ನಾಗಪಟ್ಟಣಕ್ಕೆ ಹೋಗಿ ತನಗೊಂದು ಗುಡಿ ಕಟ್ಟುವಂತೆ ಅಲ್ಲಿನ ಕ್ರೈಸ್ತ ಗೃಹಸ್ಥನಿಗೆ ತಿಳಿಸೆಂದು ಆಕೆ ಹೇಳಿದಾಗ, ಎದ್ದು ಓಡಿದ ಹುಡುಗನಿಗೆ ತನ್ನ ಕಾಲು ನೆಟ್ಟಗಾದದ್ದು ಅರಿವಿಗೆ ಬಂತು. ಮೂರನೆಯದು, ಮಕಾವಿನಿಂದ ಸಿಂಹಳದತ್ತ ಹೊರಟು ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರದು. ಬದುಕುಳಿದರೆ ದಡ ಸೇರಿದ ಜಾಗದಲ್ಲಿ ಮಾತೆಗೊಂದು ದೇವಾಲಯ ಕಟ್ಟುವೆವೆಂದು ಹರಕೆ ಹೊತ್ತ ಅವರು ದಡ ಸೇರಿದ್ದು ಸೆಪ್ಟೆಂಬರ್ 8ರಂದು. ಅವರು ಹರಕೆಯನ್ನು ಮರೆಯಲಿಲ್ಲ. ಹುಲ್ಲಿನ ಗುಡಿಯಿದ್ದಲ್ಲಿ ದೇವಾಲಯ ಎದ್ದಿತು.

ಈ ವೃತ್ತಾಂತಗಳಲ್ಲಿ ನಾವು ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಮೊದಲೆರಡರಲ್ಲಿ ಬೇಡಿದವರು ಹುಡುಗರಲ್ಲ, ಬೇಡಿದವಳು ತಾಯಿ. ಒಬ್ಬನ ಬಳಿ ಇದ್ದದ್ದು ಧಣಿಗೆ ಲೆಕ್ಕ ಒಪ್ಪಿಸಬೇಕಾದ ಹಾಲು. ಇನ್ನೊಬ್ಬನ ಬಳಿ ಇದ್ದದ್ದು ಅಂದಿನ ಹೊಟ್ಟೆಪಾಡಿನ ಮಜ್ಜಿಗೆ. ಹಸಿದ ಮಗುವಿಗೆ ಅದನ್ನು ಕೊಟ್ಟ ಮೇಲೆ ಕೃಪೆ ಬಂತು. ಹರಕೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವ ನಾವು ನಮಗೆ ಬೇಕಾದುದನ್ನು ಕೇಳಲು ಹೋಗುತ್ತೇವೆಯೇ ಹೊರತು, ತಾಯಿ ನಮ್ಮಿಂದ ಕೇಳುತ್ತಿರುವುದೇನೆಂದು ಕಿವಿಗೊಡುವುದು ಅಪರೂಪ.

ಹಲವು ವರ್ಷಗಳ ಹಿಂದೆ ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಆ ಮನೆಯ ಹಿರಿಯ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಆಕೆಯ ಗುಣಕ್ಕಾಗಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಬಡ್ಡಿಗೆ ಸಾಲ ಮಾಡಿ ವೇಳಾಂಗಣ್ಣಿಗೆ ಹೊರಟರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ಮರಳಿನ ಮೇಲೆ ಮೊಣಕಾಲಲ್ಲಿ ಸಾಗಿದರು, ಬೆಳ್ಳಿಯ ಕಾಲು ಮಾಡಿಸಿ ಅರ್ಪಿಸಿದರು, ಸಮುದ್ರದಲ್ಲಿ ಮಿಂದು ಬಂದರು. ಆ ನಾಲ್ಕು ದಿನವೂ ಅಜ್ಜಿಗೆ ಹೊತ್ತು ಹೊತ್ತಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವರು ಪಕ್ಕದ ಮನೆಯ ಹಿಂದೂ ಗೃಹಿಣಿ. ಮೂರನೆಯ ದಿನ ನೋಡಲು ಹೋದಾಗ ಆ ಅಜ್ಜಿ ತೊದಲುತ್ತ ಹೇಳಿದ್ದು ಇಷ್ಟೇ: “ನನಗಾಗಿಯೇ ಹೋಗಿದ್ದಾರೆ, ಒಳ್ಳೆಯದಾಗಲಿ. ಒಬ್ಬರಾದರೂ ಇಲ್ಲಿ ಉಳಿದಿದ್ದರೆ ಕೂತು ಜಪಸರ ಹೇಳಬಹುದಿತ್ತು.” ಮಾತೆಯು ಅಂದು ಹಾಲು ಬೇಡಿದ್ದು ಯಾವ ಮನೆಯಲ್ಲಿ, ಅದನ್ನು ಕೊಟ್ಟವರು ಯಾರು ಎಂಬ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಯಾತ್ರೆ ಬೇಡವೆಂದು ಇದರ ಅರ್ಥವಲ್ಲ. ಆ ಕುಟುಂಬವನ್ನು ಸಾಲಕ್ಕೆ ನೂಕಿದ್ದು ಭಕ್ತಿಗಿಂತ ಹೆಚ್ಚಾಗಿ ಭಯ. ಹೊತ್ತ ಹರಕೆ ತೀರಿಸದಿದ್ದರೆ ಕೇಡಾದೀತೆಂಬ ಭಯ ನಮ್ಮ ಎಷ್ಟೋ ಮನೆಗಳಲ್ಲಿದೆ. ಮದುವೆ ನಿಂತುಹೋದರೆ, ಮಗುವಿಗೆ ಜ್ವರ ಬಂದರೆ, “ಅಮ್ಮ ಹೊತ್ತ ಹರಕೆ ಬಾಕಿಯಿದೆ” ಎಂಬ ಪಿಸುಮಾತು ಕೇಳಿಬರುತ್ತದೆ. ಈ ಕುರಿತು ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದ್ದರೂ ಅದನ್ನು ತಿಳಿದವರು ಕಡಿಮೆ. 1983ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ, ದೇವರಿಗೆ ಮಾಡಿದ ಹರಕೆಯು ಅದನ್ನು ಮಾಡಿದವರನ್ನು ಮಾತ್ರವೇ ಬದ್ಧಗೊಳಿಸುತ್ತದೆ. ತಾಯಿಯ ಹರಕೆ ಮಗನ ಕೊರಳಿಗೆ ಉರುಳಾಗದು. ಖಾಸಗಿಯಾಗಿ ಹೊತ್ತ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಮೇಲಾದ ಸತ್ಕಾರ್ಯಕ್ಕೆ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಹರಕೆ ಹೊತ್ತವರಿಗೇ ಇದೆ. ನ್ಯಾಯವಾದ ಕಾರಣವಿದ್ದು, ಇತರರ ಹಕ್ಕಿಗೆ ಚ್ಯುತಿ ಬಾರದಿದ್ದಲ್ಲಿ, ಧರ್ಮಕೇಂದ್ರದ ಗುರುಗಳೇ ಅಂಥ ಹರಕೆಯಿಂದ ವಿನಾಯಿತಿ ನೀಡಬಲ್ಲರು. ಆದ್ದರಿಂದ ಕೈಯಲ್ಲಿ ಹಣವಿಲ್ಲದವರು ಬಡ್ಡಿಯವನ ಮನೆಬಾಗಿಲಿಗೆ ಹೋಗುವ ಬದಲು ಗುರುಗಳ ಮನೆಬಾಗಿಲಿಗೆ ಹೋಗಲಿ. ಹರಕೆಯೆಂಬುದು ಪ್ರೀತಿಯಿಂದ ಕೊಟ್ಟ ಮಾತು. ದಂಡ ವಸೂಲಿಯ ಪತ್ರವಲ್ಲ.

ಇನ್ನು ರೋಗಿಗಳ ವಿಚಾರ. ಆರೋಗ್ಯ ಮಾತೆಯ ಸನ್ನಿಧಿಗೆ ರೋಗಿಗಳು ಹೋಗುವುದು ಸಹಜ. ಗುಣ ಹೊಂದಿದವರು ತಂದೊಪ್ಪಿಸಿದ ಕಾಣಿಕೆಗಳ ಸಂಗ್ರಹಾಲಯವನ್ನು ಅಲ್ಲಿ ಕಂಡಾಗ ಎಂಥವರ ಕಣ್ಣೂ ತೇವಗೊಳ್ಳುತ್ತದೆ. ಆದರೆ ಯಾತ್ರೆಯ ನೆಪದಲ್ಲಿ ಔಷಧ ನಿಲ್ಲಿಸುವುದು, ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ವಿಶ್ವಾಸವಲ್ಲ, ಅವಿವೇಕ. ವೈದ್ಯನನ್ನು ಗೌರವಿಸಬೇಕು, ಅವನೂ ದೇವರ ಸೃಷ್ಟಿಯೇ, ಔಷಧವನ್ನು ಭೂಮಿಯಲ್ಲಿ ಬೆಳೆಯಿಸಿದವನೂ ದೇವರೇ ಎಂದು ಸಿರಾಕನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ. ಗುಣ ಕಾಣದೆ ಮರಳಿದವರನ್ನು “ನಿಮ್ಮ ವಿಶ್ವಾಸ ಸಾಲದು” ಎಂದು ಚುಚ್ಚುವ ನಾಲಿಗೆಗಳೂ ನಮ್ಮಲ್ಲಿವೆ. ರೋಗದ ಮೇಲೆ ಆ ಮಾತಿನ ಭಾರವನ್ನೂ ಹೇರುವ ಅಧಿಕಾರವನ್ನು ಯಾರೂ ನಮಗೆ ಕೊಟ್ಟಿಲ್ಲ.

ಈ ಮಾತಿಗೆ ವೇಳಾಂಗಣ್ಣಿಯ ಕಡಲೇ ಸಾಕ್ಷಿ. 2004ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮರುದಿನ, ಭಾನುವಾರ. ಹಬ್ಬಕ್ಕೆಂದು ಬಂದ ಯಾತ್ರಿಕರು ಬೆಳಿಗ್ಗೆ ಕಡಲ ದಡದಲ್ಲಿದ್ದಾಗ ಸುನಾಮಿ ಅಲೆಗಳು ಅಪ್ಪಳಿಸಿದವು. ಯಾತ್ರಿಕರು, ಅಂಗಡಿಯವರು, ಮೀನುಗಾರರು ನೂರಾರು ಸಂಖ್ಯೆಯಲ್ಲಿ ಅಲ್ಲಿಯೇ ಅಸುನೀಗಿದರು. ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ 6,000ಕ್ಕೂ ಹೆಚ್ಚು ಜನ ಸತ್ತರು. ಬೆಸಿಲಿಕವು ಉಳಿದದ್ದನ್ನು ಹಲವರು ಅದ್ಭುತವೆಂದು ಸಾರಿದರು. ಉಳಿದದ್ದಕ್ಕೆ ಕೃತಜ್ಞರಾಗಿರೋಣ. ಆದರೆ ದಡದಲ್ಲಿ ಸತ್ತವರೂ ಅದೇ ತಾಯಿಯ ಮಕ್ಕಳು, ಅವರೂ ಜಪಸರ ಹಿಡಿದೇ ಬಂದಿದ್ದವರು ಎಂಬುದನ್ನು ಮರೆತು ಅದ್ಭುತದ ಮಾತಾಡುವುದು ಕ್ರೂರವಾದೀತು. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲವೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ. ಯಾತ್ರೆಯು ಆಪತ್ತಿನ ವಿರುದ್ಧ ಮಾಡಿಸುವ ವಿಮೆಯಲ್ಲ. ಆಪತ್ತಿನಲ್ಲಿಯೂ ಕೈಬಿಡದವನೊಬ್ಬನಿದ್ದಾನೆಂಬ ಭರವಸೆಯನ್ನು ಅರಸಿ ಹೋಗುವ ದಾರಿ ಅದು. ಶಿಲುಬೆಯ ಕೆಳಗೆ ನಿಂತಿದ್ದ ತಾಯಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಆ ಕ್ಷೇತ್ರದ ಇನ್ನೊಂದು ಹಿರಿಮೆಯನ್ನೂ ನೆನೆಯಬೇಕು. ಅಲ್ಲಿಗೆ ಬರುವವರು ನಾವಷ್ಟೇ ಅಲ್ಲ. ಸೀರೆಯುಟ್ಟು ನಿಂತ ಆ ತಾಯಿಯ ಮುಂದೆ ಹಿಂದೂ, ಮುಸ್ಲಿಂ ಬಾಂಧವರೂ ಮೇಣದ ಬತ್ತಿ ಹಚ್ಚಿ ಕೈಮುಗಿಯುತ್ತಾರೆ. 2024ರ ಆಗಸ್ಟ್‌ನಲ್ಲಿ ವ್ಯಾಟಿಕನ್ನಿನ ಧರ್ಮಸಿದ್ಧಾಂತ ವಿಭಾಗವು, ಅಂದಿನ ಜಗದ್ಗುರು ಫ್ರಾನ್ಸಿಸರ ಸಮ್ಮತಿಯೊಡನೆ, ತಂಜಾವೂರಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ವೇಳಾಂಗಣ್ಣಿಯ ಭಕ್ತಿಯನ್ನು ಮೆಚ್ಚಿಕೊಂಡಿತು. ಕ್ರೈಸ್ತೇತರರು ಅಲ್ಲಿ ಸಾಂತ್ವನ ಪಡೆಯುವುದನ್ನು ಧರ್ಮಗಳ ಕಲಬೆರಕೆಯೆಂದು ಕಾಣಬೇಕಾಗಿಲ್ಲವೆಂದೂ ಅದು ತಿಳಿಸಿತು. ಆ ಅಜ್ಜಿಗೆ ಗಂಜಿ ಕುಡಿಸಿದ ನೆರೆಮನೆಯಾಕೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಸರತಿಯ ಸಾಲಿನಲ್ಲಿ ಅನ್ಯಧರ್ಮದವರು ಮುಂದೆ ನಿಂತಿದ್ದರೆ ಅವರಿಗೆ ದಾರಿ ಬಿಡುವುದೂ ಒಂದು ಪ್ರಾರ್ಥನೆಯೇ.

ಹಾಗಾದರೆ ಹೊರಡುವುದು ಹೇಗೆ? ಮೊದಲು ಮನೆಯಲ್ಲಿ ಮುನಿಸಿದ್ದವರು ರಾಜಿಯಾಗಲಿ. ಜಮೀನಿನ ಗಡಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಬೇರೆ ಬೇರೆ ವ್ಯಾನುಗಳಲ್ಲಿ ಒಂದೇ ತಾಯಿಯ ಬಳಿಗೆ ಹೋದರೆ ಆಕೆ ಯಾರ ಮುಖ ನೋಡಿಯಾಳು? ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ಒಂದಾಗಿ ಬಾ ಎಂಬುದು ಪ್ರಭುವಿನ ಆಜ್ಞೆಯೇ ಆಗಿದೆ. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ, ಅವರೊಡನೆ ಒಬ್ಬರು ಉಳಿಯಲಿ. ಉಳಿದವರ ಯಾತ್ರೆ ಹೋದವರದಕ್ಕಿಂತ ಕಿರಿದಲ್ಲ. ಸಾಲ ಮಾಡಿ ಹೋಗುವುದು ಬೇಡ. ವೇಳಾಂಗಣ್ಣಿ ತಲುಪಿದ ಮೇಲೆ ಅಂಗಡಿ ಬೀದಿ, ಕಡಲ ದಡಕ್ಕಿಂತ ಮೊದಲು ಪಾಪನಿವೇದನೆ, ಬಲಿಪೂಜೆ, ಪರಮಪ್ರಸಾದಕ್ಕೆ ಸ್ಥಾನವಿರಲಿ. ಮಾತೆಯ ಮೇಲಿನ ನಿಜಭಕ್ತಿ ಕ್ಷಣಿಕ ಭಾವಾವೇಶದಲ್ಲಾಗಲಿ ಮೂಢನಂಬಿಕೆಯಲ್ಲಾಗಲಿ ಇಲ್ಲ, ಆಕೆಯ ಸದ್ಗುಣಗಳನ್ನು ಅನುಸರಿಸುವುದರಲ್ಲಿದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಎಚ್ಚರಿಸಿತು. ವ್ಯಾನಿನಲ್ಲಿ ಮದ್ಯದ ಬಾಟಲಿಯಿಟ್ಟುಕೊಂಡು ಹೋಗಿ, ಅಮಲಿನಲ್ಲಿ ಕಡಲಿಗಿಳಿದು, ಪ್ಲಾಸ್ಟಿಕ್ ಕಸವನ್ನು ಮೀನುಗಾರರ ಅಂಗಳದಲ್ಲಿ ಎಸೆದು ಬರುವವರು ಯಾತ್ರಿಕರೆನಿಸಿಕೊಳ್ಳಲಾರರು. ಆ ಕಡಲು ಆ ಜನರ ಅನ್ನದ ಬಟ್ಟಲು. ತಮ್ಮವರನ್ನು ಕಳೆದುಕೊಂಡ ಸ್ಥಳವೂ ಹೌದು.

ಹೋಗಲಾಗದವರು ಕೊರಗಬೇಕಾಗಿಲ್ಲ. ನಮ್ಮ ಧರ್ಮಕೇಂದ್ರದ ದೇವಾಲಯದಲ್ಲಿಯೇ ನವದಿನಗಳ ಪ್ರಾರ್ಥನೆ ನಡೆಯುತ್ತದೆ. ಯಾತ್ರೆಗೆಂದು ಕೂಡಿಟ್ಟ ಹಣದಲ್ಲಿ ನೆರೆಯ ರೋಗಿಯ ಔಷಧಕ್ಕೊಂದು ಪಾಲು ಕೊಟ್ಟರೆ, ಅದು ಅಂದು ಕೊಳದ ಬಳಿ ಕೊಟ್ಟ ಹಾಲಿಗೆ ಸಮ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮ ಸೇವಕರಿಗೆ ಮಗನತ್ತ ಬೆರಳು ತೋರಿ, ಅವನು ಹೇಳಿದಂತೆ ಮಾಡಿರೆಂದಷ್ಟೇ ಹೇಳಿದರು. ವೇಳಾಂಗಣ್ಣಿಯಲ್ಲಿ ಮಗುವನ್ನೆತ್ತಿಕೊಂಡು ನಿಂತಿರುವ ತಾಯಿ ಇಂದಿಗೂ ತೋರಿಸುತ್ತಿರುವುದು ಅದೇ ಮಗನನ್ನು. ಈ ವರ್ಷ ಹರಕೆ ಹೊತ್ತು ಹೊರಡುವ ಎಲ್ಲ ಕುಟುಂಬಗಳಿಗೂ ಶುಭವಾಗಲಿ. ಹೋದವರು ಕ್ಷೇಮವಾಗಿ ಮರಳಲಿ, ಮರಳಿದವರು ಮನೆಯಲ್ಲಿ ಕಾಯುತ್ತಿರುವವರ ಹಾಸಿಗೆಯ ಬಳಿ ಕುಳಿತು ಒಂದು ಜಪಸರ ಹೇಳಲಿ ಎಂದು ಹಾರೈಸುತ್ತೇವೆ.