ಸಿಂಹಾವಲೋಕನವೋ, ದೋಷಾರೋಪಣೆಯೋ?

ಸಿಂಹವು ನಡೆಯುತ್ತ ನಡೆಯುತ್ತ ನಡುವೆ ನಿಂತು, ತಾನು ಬಂದ ದಾರಿಯನ್ನು ಹೊರಳಿ ನೋಡುವುದಂತೆ. ಈ ನಂಬಿಕೆಯಿಂದ ನಮ್ಮ ಭಾಷೆಗೆ ಸಿಂಹಾವಲೋಕನವೆಂಬ ಸೊಗಸಾದ ಮಾತು ದೊರೆತಿದೆ. ತಂತ್ರಾಂಶವನ್ನು ರಚಿಸುವ ತಂಡಗಳು ‘ರೆಟ್ರೊಸ್ಪೆಕ್ಟಿವ್’ ಎಂದು ಕರೆಯುವ ಸಭೆಗೆ ಇದಕ್ಕಿಂತ ತಕ್ಕ ಹೆಸರು ಬೇಕಿಲ್ಲ. ಹೆಸರಿಗೆ ತಕ್ಕಂತೆ ಆ ಸಭೆ ನಡೆಯುತ್ತಿದೆಯೇ ಎಂಬುದು ಮಾತ್ರ ವಿಚಾರಾರ್ಹವಾದ ಸಂಗತಿ.

2001ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಜ್ಞರು ಕಲೆತು ‘ಅಜೈಲ್’ ಪದ್ಧತಿಯ ಘೋಷಣೆಯನ್ನು ಹೊರಡಿಸಿದರು. ವರ್ಷಗಟ್ಟಲೆ ದುಡಿದು ಕಡೆಗೊಮ್ಮೆ ಫಲವನ್ನು ಕಾಣುವುದಕ್ಕೆ ಬದಲಾಗಿ, ಕೆಲವೇ ವಾರಗಳ ಕಂತುಗಳಲ್ಲಿ ಕೆಲಸವನ್ನು ಮುಗಿಸಿ ಬಳಸುವವರ ಮುಂದಿಡಬೇಕೆಂಬುದು ಅದರ ಸಾರ. ಅದರೊಡನೆ ಸಾರಿದ 12 ತತ್ತ್ವಗಳಲ್ಲಿ ಕಡೆಯದು, ತಂಡವು ಆಗಾಗ ತನ್ನ ಕಾರ್ಯವಿಧಾನವನ್ನೇ ಪರಾಮರ್ಶಿಸಿ ತಿದ್ದಿಕೊಳ್ಳಬೇಕೆಂದು ವಿಧಿಸುತ್ತದೆ. ‘ಸ್ಕ್ರಮ್’ ಎಂಬ ಕ್ರಮದಲ್ಲಿ ಒಂದು ತಿಂಗಳ ಕಂತಿಗೆ ಈ ಸಭೆಯ ಅವಧಿ ಹೆಚ್ಚೆಂದರೆ 3 ಗಂಟೆ.

ಬೆಂಗಳೂರಿನ ಕಚೇರಿಗಳಲ್ಲಿಯೂ ಈ ಸಭೆಗಳಿಗೆ ಕೊರತೆಯಿಲ್ಲ. ಯಾವುದು ಚೆನ್ನಾಯಿತು, ಯಾವುದು ಕೆಟ್ಟಿತು ಎಂದು ಬಣ್ಣಬಣ್ಣದ ಚೀಟಿಗಳನ್ನು ಬರೆದು ಗೋಡೆಗೆ ಅಂಟಿಸುತ್ತಾರೆ. ಮುಂದಿನ ಸಭೆಯಲ್ಲಿ ಅದೇ ಚೀಟಿಗಳು ಅದೇ ಮಾತುಗಳನ್ನು ಹೊತ್ತು ಮರಳುತ್ತವೆ. ಮಂತ್ರದ ಅರ್ಥವನ್ನು ಮರೆತು ತಂತ್ರವನ್ನು ಮಾತ್ರ ನಡೆಸಿದಂತೆ!

ಇದಕ್ಕೆ ಮುಖ್ಯ ಕಾರಣ ಭಯವೆಂದು ನನ್ನ ಅಭಿಪ್ರಾಯ. ತನ್ನ ಬಡ್ತಿಯನ್ನು ನಿರ್ಧರಿಸುವವರು ಎದುರಿಗೆ ಕುಳಿತಿರುವಾಗ ಯಾವ ಕಿರಿಯನು ತಾನೆ ನಿಜವನ್ನು ನುಡಿದಾನು? ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರವೂ ನಮ್ಮಲ್ಲಿ ಸೇರಿಕೊಂಡಿದೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. ಔಷಧ ಕೊಡುವಲ್ಲಿ ಆಗುವ ತಪ್ಪುಗಳನ್ನು ಅವರು ಆಸ್ಪತ್ರೆಗಳಲ್ಲಿ ಪರಿಶೀಲಿಸಿದಾಗ, ಉತ್ತಮವೆನಿಸಿದ ತಂಡಗಳಲ್ಲಿಯೇ ತಪ್ಪುಗಳ ಲೆಕ್ಕ ಹೆಚ್ಚಾಗಿ ಕಂಡಿತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದುವೆಂದಲ್ಲ. ಮುಚ್ಚಿಡದೆ ಹೇಳುತ್ತಿದ್ದುವೆಂಬುದೇ ಅದರ ವಿವರಣೆ. ತಪ್ಪುಗಳ ಪಟ್ಟಿ ಬರಿದಾಗಿರುವ ತಂಡವನ್ನು ಕಂಡು ಹಿಗ್ಗುವ ಅಧಿಕಾರಿಗಳು ಇದನ್ನು ಗಮನಿಸುವುದು ಒಳ್ಳೆಯದು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಇಂಜಿನಿಯರೊಬ್ಬರು ಬೇರೊಂದು ಯಂತ್ರವೆಂದು ಭ್ರಮಿಸಿ, ಮುಖ್ಯ ಯಂತ್ರದಲ್ಲಿದ್ದ ದತ್ತಾಂಶವನ್ನೇ ಅಳಿಸಿಬಿಟ್ಟರು. ಸುಮಾರು 6 ಗಂಟೆಗಳ ಅವಧಿಯ ದಾಖಲೆಗಳು ಹೋದವು. ಆ ಒಬ್ಬರನ್ನು ಹಳಿದು ಕೈತೊಳೆದುಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಸ್ಥೆಯು ‘ಇದು ಏಕಾಯಿತು?’ ಎಂದು ಮತ್ತೆ ಮತ್ತೆ ಕೇಳುತ್ತ ಹೋಯಿತು. ದಿನವೂ ತೆಗೆಯಬೇಕಾಗಿದ್ದ ಪ್ರತಿಯು ವಿಫಲವಾಗುತ್ತಲೇ ಇದ್ದುದೂ, ಆ ವಿಫಲತೆಯನ್ನು ತಿಳಿಸುವ ಪತ್ರಗಳು ತಲಪದೆ ತಿರಸ್ಕೃತವಾಗುತ್ತಿದ್ದುದೂ ಆಗ ಹೊರಬಿದ್ದವು. ಬೈಗುಳದಿಂದ ಈ ಸತ್ಯ ಹೊರಡುತ್ತಿತ್ತೆ? ಇದು ಅಪಘಾತದ ಬಳಿಕ ನಡೆದ ವಿಚಾರಣೆ, ನಿಜ. ಅಪಘಾತಕ್ಕೆ ಕಾಯದೆ ಅದೇ ಪ್ರಶ್ನೆಯನ್ನು ನಿಯತವಾಗಿ ಕೇಳಿಕೊಳ್ಳಲೆಂದೇ ಸಿಂಹಾವಲೋಕನ ಸಭೆ ಇರುವುದು.

ಯಾರನ್ನೂ ದೂಷಿಸದಿದ್ದರೆ ಹೊಣೆಗಾರಿಕೆ ಸಡಿಲವಾದೀತೆಂದು ಕೆಲವರು ಆಕ್ಷೇಪಿಸುವರು. ನಾರ್ಮನ್ ಕರ್ತ್ ಅವರು 2001ರ ತಮ್ಮ ಗ್ರಂಥದಲ್ಲಿ, ಪ್ರತಿಯೊಬ್ಬನೂ ಅಂದಿನ ತಿಳಿವಳಿಕೆಗೂ ಸನ್ನಿವೇಶಕ್ಕೂ ತಕ್ಕಂತೆ ತನ್ನಿಂದಾದಷ್ಟು ಒಳ್ಳೆಯ ಕೆಲಸವನ್ನೇ ಮಾಡಿದನೆಂದು ನಂಬಿ ಸಭೆಯನ್ನು ಆರಂಭಿಸಬೇಕೆನ್ನುತ್ತಾರೆ. ಸೋಮಾರಿಗಳೇ ಇಲ್ಲವೆಂದು ಇದರ ಅರ್ಥವಲ್ಲ. ಸೋಮಾರಿಯನ್ನು ತಿದ್ದಲು ಬೇರೆ ಸ್ಥಳವುಂಟು, ಬೇರೆ ಸಮಯವುಂಟು.

ಸಭೆಯ ಕ್ರಮಕ್ಕೆ ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸೆನ್ ಅವರ 2006ರ ಪುಸ್ತಕ ಒಳ್ಳೆಯ ಕೈಪಿಡಿ. ಮೊದಲು ನಡೆದ ಸಂಗತಿಗಳನ್ನು ಕಲೆಹಾಕಿ, ಬಳಿಕ ಕಾರಣಗಳನ್ನು ಚರ್ಚಿಸಿ, ಆಮೇಲೆ ನಿರ್ಣಯಕ್ಕೆ ಬರಬೇಕೆಂದು ಅವರು ಹೇಳುತ್ತಾರೆ. ನಮ್ಮವರು ಸಾಮಾನ್ಯವಾಗಿ ನಿರ್ಣಯದಿಂದಲೇ ತೊಡಗುವುದು! ಹತ್ತು ನಿರ್ಣಯಗಳನ್ನು ಮಾಡಿ ಮರೆಯುವುದಕ್ಕಿಂತ ಒಂದೋ ಎರಡೋ ಸಾಕು. ಪ್ರತಿಯೊಂದಕ್ಕೂ ಹೊಣೆಗಾರನೊಬ್ಬನಿರಲಿ, ಮುಂದಿನ ಸಭೆ ಅವುಗಳ ಲೆಕ್ಕದಿಂದಲೇ ಮೊದಲಾಗಲಿ. ಇನ್ನು ಮೇಲಧಿಕಾರಿಗಳ ಮಾತು. ಅವರು ಹೊರಗಿರುವುದೇ ಲೇಸು. ಬರಲೇಬೇಕಾದರೆ ಎಲ್ಲರ ಮಾತೂ ಮುಗಿದ ಮೇಲೆ ಬಾಯಿ ತೆರೆಯಲಿ. ಅಲ್ಲಿಯವರೆಗೆ ಟಿಪ್ಪಣಿಯ ಪುಸ್ತಕವನ್ನೂ ಮುಚ್ಚಿಟ್ಟಿರಲಿ.