ಕುದುರೆ ಇಳಿಯಿತು, ಚಾಕರ ಏರಿದ

ಮಕ್ಕಳೇ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಕೇಳಿದ್ದೀರಲ್ಲ? ಕೇಳಿರದಿದ್ದರೆ ಪಕ್ಕದಲ್ಲಿರುವ ಅಜ್ಜನನ್ನು ಕೇಳಿ, ಒಂದು ಗಂಟೆ ಹೇಳುತ್ತಾರೆ. ಕೊಡಗಿನ ಈ ವೀರರಿಗೆ 1986ರಲ್ಲಿ ಸಿಕ್ಕ ಆ ಪದವಿ ಭೂಸೇನೆಯಲ್ಲೇ ಅತಿ ದೊಡ್ಡದು. ಈ ವಾರ ನಾನು ಬೆನ್ನು ಹತ್ತಿರುವುದು ಅದರೊಳಗಿನ ‘ಮಾರ್ಷಲ್’ ಎಂಬ ಪದವನ್ನು. ಅದರ ಮೂಲ ಅರ್ಥ ಕುದುರೆ ಚಾಕರ!

ಹೇಗೆ ಅಂತೀರಾ? ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಭಾಷೆಗಳೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿ ಭಾಷೆಯನ್ನು ಜರ್ಮಾನಿಕ್ ಎನ್ನುತ್ತಾರೆ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸುವಂತೆ ವಿದ್ವಾಂಸರು ಅದರ ಪದಗಳನ್ನು ಊಹಿಸಿ ಕಟ್ಟಿದ್ದಾರೆ. ಹಾಗೆ ಸಿಕ್ಕ ಒಂದು ಪದ ‘ಮರ್ಹಜ್’, ಅಂದರೆ ಕುದುರೆ.

ನೆರೆಯ ಕೆಲ್ಟಿಕ್ ಜನರಲ್ಲೂ ಇದರ ಜೋಡಿ ಪದ ಇತ್ತು. ಗ್ರೀಸಿನ ಮೇಲೆ ದಂಡೆತ್ತಿ ಬಂದ ಕೆಲ್ಟರು ಒಬ್ಬ ಸವಾರ ಮತ್ತು ಅವನ ಬೆನ್ನಿಗೆ ಕುದುರೆಯೇರಿದ ಇಬ್ಬರು ಚಾಕರರ ಗುಂಪನ್ನು ‘ತ್ರಿಮಾರ್ಕಿಸಿಯಾ’ ಎನ್ನುತ್ತಿದ್ದರಂತೆ. 2ನೇ ಶತಮಾನದ ಗ್ರೀಕ್ ಪ್ರವಾಸಿ ಪೌಸಾನಿಯಸ್ ಬರೆದಿಟ್ಟ ಮಾತಿದು. ಆದರೆ ಲ್ಯಾಟಿನ್, ಗ್ರೀಕ್, ಸಂಸ್ಕೃತದ ಕುದುರೆಗಳು ಬೇರೆ ಬೇರಿನವು, ನಮ್ಮ ‘ಅಶ್ವ’ದ ಬಳಗ. ಹಾಗಾದರೆ ‘ಮರ್ಹಜ್’ ಬಂದದ್ದೆಲ್ಲಿಂದ? ಮಂಗೋಲಿಯನ್ ಭಾಷೆಯಲ್ಲಿ ಕುದುರೆ ‘ಮೊರಿ’ (ನಮ್ಮ ಮೋರಿಯಲ್ಲ!), ಚೀನಿಯಲ್ಲಿ ‘ಮಾ’. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಕುದುರೆಯ ಜೊತೆ ಪದವೂ ನಡೆದು ಬಂತು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಮುಖ ಹೋಲಿದ ಮಾತ್ರಕ್ಕೆ ನೆಂಟರಾಗುವುದಿಲ್ಲ. ನನಗಂತೂ ಪೂರ್ತಿ ನಂಬಿಕೆ ಬಂದಿಲ್ಲ.

ಇನ್ನು ‘ಸ್ಕಾಲ್ಕ್’ ಅಂದರೆ ಆಳು, ಚಾಕರ. ಎರಡೂ ಸೇರಿ ಆದವನು ‘ಮಾರಿಸ್ಕಾಲ್ಕ್’. ಫ್ರಾಂಕರೆಂಬ ಜರ್ಮಾನಿಕ್ ಜನರ ಹಳೆಯ ಸಾಲಿಕ್ ಕಾನೂನಿನಲ್ಲಿ ಇವನು ಬರುತ್ತಾನೆ. ಎಲ್ಲಿ ಗೊತ್ತೇ? ಇನ್ನೊಬ್ಬರ ಆಳನ್ನು ಕದ್ದರೆ, ಕೊಂದರೆ, ಮಾರಿದರೆ ಎಷ್ಟು ದಂಡ ಎಂದು ಹೇಳುವ ಕಡೆ! ಕಮ್ಮಾರ, ಬಡಗಿ, ಹಂದಿ ಕಾಯುವವ, ಇವರ ಸಾಲಿನಲ್ಲೇ ಕುದುರೆ ಚಾಕರನೂ ನಿಂತಿದ್ದಾನೆ. ದನದಂತೆ ಕದ್ದೊಯ್ದು ಮಾರಬಹುದಾಗಿದ್ದ ಮನುಷ್ಯ.

ಮುಂದೆ ಯುದ್ಧವೆಂದರೆ ಕುದುರೆ ಎಂಬ ಕಾಲ ಬಂತು. ಅರಸನ ಲಾಯ ನೋಡಿಕೊಳ್ಳುತ್ತಿದ್ದವನು ಕುದುರೆ ಪಡೆಯನ್ನೂ ನೋಡಿಕೊಂಡ. ಫ್ರಾನ್ಸಿನಲ್ಲಿ ಕೊನೆಗೆ ಸೇನಾಪತಿಯೇ ಆದ. ಅಂದಹಾಗೆ, ‘ಕಾನ್‌ಸ್ಟೆಬಲ್’ ಕೂಡ ಲಾಯದಿಂದಲೇ ಬಂದವನು. ಅವನ ಲ್ಯಾಟಿನ್ ಹೆಸರಿನ ಅರ್ಥ ಲಾಯದ ಅಧಿಕಾರಿ. ಹಳೆಯ ಫ್ರಾನ್ಸಿನಲ್ಲಿ ಕಾನ್‌ಸ್ಟೆಬಲ್ ಹೇಳಿದಂತೆ ಮಾರ್ಷಲ್ ಕೇಳಬೇಕಿತ್ತು!

ಕುದುರೆಯ ಗತಿ ಏನಾಯಿತು? ಇಂಗ್ಲಿಷಿನಲ್ಲಿ ಅದರ ಹೆಣ್ಣುರೂಪವಷ್ಟೇ ‘ಮೇರ್’ ಆಗಿ ಉಳಿಯಿತು. ಜರ್ಮನ್‌ನಲ್ಲಿ ‘ಮೇರೆ’ ಎಂದರೆ ಈಗ ಬಡಕಲು ಮುದಿ ಕುದುರೆ. (ಕೆಟ್ಟ ಕನಸಿನ ‘ನೈಟ್‌ಮೇರ್’ನಲ್ಲಿ ಕುದುರೆ ಇಲ್ಲ, ಅಲ್ಲಿರುವುದು ಮಲಗಿದವರ ಎದೆಯ ಮೇಲೆ ಕೂರುವ ಭೂತ.) ಕುದುರೆಯ ಜೊತೆ ಬಿಟ್ಟು ಒಂಟಿಯಾಗಿ ಉಳಿದ ‘ಸ್ಕಾಲ್ಕ್’ ಜರ್ಮನ್‌ನಲ್ಲಿ ‘ಶಾಲ್ಕ್’ ಆಗಿದ್ದಾನೆ, ಅಂದರೆ ತುಂಟ. ಅಜ್ಜಿ, ನಿಮ್ಮ ಮನೆಯಲ್ಲೂ ಒಬ್ಬ ಶಾಲ್ಕ್ ಇರಬೇಕಲ್ಲ?